ಗೋಲಗುಮ್ಮಟದ ಎದುರು ಕಾಕಿ ಹೇಳಿದ್ದು

ಪ್ರೀತಿಯ ಕಾಕಾ,

ಹೋದ ತಿಂಗಳು ಕಾಕಿಯನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆ. ನೀವು ಕೊನೆತನಕ ಬಿಜಾಪುರ ಎಂದೇ ಕರೆದ ಊರು. ಗೋಕಾಕದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತಿದ್ದ ಕಾಕಿ, ದೂರದಲ್ಲಿ ಗೋಲಗುಮ್ಮಟ ಕಂಡೊಡನೆ ನನ್ನ ಮೊಣಕೈ ಹಿಡಿದುಕೊಂಡಳು. ನೀವು ಹೋದ ಮೇಲೆ ಅವಳು ಹುಕ್ಕೇರಿ ಬಿಟ್ಟು ಹೊರಬಿದ್ದದ್ದು ಅದೇ ಮೊದಲು.

ನೀವು ನನ್ನನ್ನು ಅಲ್ಲಿಗೆ ಕರೆದೊಯ್ದಾಗ ನನಗೆ ಹನ್ನೊಂದು ವರ್ಷ. ಹುಕ್ಕೇರಿಯ ಫೋಟೋ ಸ್ಟುಡಿಯೋದ ಗೋಡೆಗೆ ಮುಸ್ಸಂಜೆಯ ಗುಮ್ಮಟದ ದೊಡ್ಡ ಫೋಟೋ ಹಾಕಬೇಕೆಂಬುದು ನಿಮ್ಮ ಬಹಳ ದಿನದ ಆಸೆ. ಹೊತ್ತು ಮುಳುಗುವವರೆಗೆ ಕಾದು ಕಾದು ತೆಗೆದಿರಿ. ರೋಲಿನಲ್ಲಿ ಇನ್ನೂ ನಾಲ್ಕೈದು ಫೋಟೋ ಉಳಿದಿದ್ದವು, ಊರಲ್ಲಿ ಮುಗಿಸಿದರಾಯಿತೆಂದು ಕ್ಯಾಮೆರಾ ಹಾಗೇ ತಂದಿರಿ. ಮರುದಿನ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ, ಗುಮ್ಮಟ ಒಳಗೆ ಹೇಗೆ ಕೂತಿದೆ ನೋಡೋಣವೆಂದು ನಾನು ಕ್ಯಾಮೆರಾದ ಹಿಂದಿನ ಮುಚ್ಚಳ ತೆರೆದೆ. ಬೂದು ಬಣ್ಣದ ಪಟ್ಟಿ ಬಿಟ್ಟರೆ ಏನೂ ಕಾಣಲಿಲ್ಲ. ಮುಚ್ಚಿಟ್ಟೆ.

ಬೆಳಕು ಬಿದ್ದರೆ ಫಿಲ್ಮು ಹಾಳಾಗುತ್ತದೆಂದು ಆಮೇಲೆ ಗೊತ್ತಾಗಿ, ಅದನ್ನು ತೊಳೆದ ದಿನ ಹಿತ್ತಲಲ್ಲಿ ಅಡಗಿ ಕೂತಿದ್ದೆ. ಗುಮ್ಮಟ ಬಂದಿರಲಿಲ್ಲ. ನೀವು ಮಾತ್ರ, ಫಿಲ್ಮೇ ಖರಾಬಿತ್ತು ಎಂದು ಎಲ್ಲರಿಗೂ ಹೇಳಿದಿರಿ. ಆಮೇಲೆ ಎಷ್ಟು ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆನೋ... ಆಸ್ಪತ್ರೆಯಲ್ಲಿ ನಿಮ್ಮ ಕಾಲು ಒತ್ತುತ್ತ ಕೂತಾಗಲೂ ಆಗಲಿಲ್ಲ. ನೀವು ಬಿಟ್ಟುಹೋದ ಸ್ಟುಡಿಯೋ ನಡೆಸುತ್ತಿರುವವಳು ನಾನೇ. ಆ ಗೋಡೆಗೆ ಬೇರೆ ಯಾವ ಫೋಟೋ ಹಾಕಲೂ ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಹೊರಟದ್ದು.

ಗೇಟು ಮುಚ್ಚುವ ಹೊತ್ತಾಗಿತ್ತು. ಹೊರಗೆ ಬಂದು ರಸ್ತೆಯಾಚೆ ನಿಂತೆವು. ಕಲ್ಲು ಮಸುಕಾಗುತ್ತ, ಆಕಾಶ ಕೆಂಪಾಗುತ್ತ ಬಂತು. ಗಿಳಿಗಳು ಹಿಂಡುಹಿಂಡಾಗಿ ಮಿನಾರಿನ ಕಿಂಡಿಗಳನ್ನು ಸೇರುತ್ತಿದ್ದವು. ಸಾವಿರ ಮದುವೆಗಳ ಫೋಟೋ ತೆಗೆದ ನಾನು ಕ್ಯಾಮೆರಾ ಎತ್ತಿ ಎತ್ತಿ ಇಳಿಸುತ್ತಿದ್ದೆ. ಯಾಕೆಂದು ಕಾಕಿ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ನಿಮ್ಮ ಕಾಕಾಗ ಅವತ್ತ ಗೊತ್ತಾಗಿತ್ತ ಮಗಳ,” ಎಂದಳು. “ಬೆಳಕ ಬಿದ್ದದ್ದು ಫಿಲ್ಮ್ ನೋಡಿದ್ರ ತಿಳೀತೈತಿ ಅಂದ್ರು. ಆಕಿಗಿ ಬೈಬ್ಯಾಡ, ಬೈದ್ರ ಮತ್ತ ಕ್ಯಾಮೆರಾ ಮುಟ್ಟೂದಿಲ್ಲ ಅಂತ ನನಗ ಹೇಳಿದ್ರು.”

ಮುಂದಿನ ವಾರವೇ ನೀವು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೋಲು ಹಾಕುವುದು, ತೆಗೆಯುವುದು ಕಲಿಸಿದ್ದಿರಲ್ಲ. ಅದು ಅದಕ್ಕೇನಾ ಕಾಕಾ? ನಾನು ಇಷ್ಟು ವರ್ಷ ಹೆದರಿಕೊಂಡೇ ಇದ್ದೆ, ನೀವು ನೋಡಿದರೆ... ರಸ್ತೆಯಲ್ಲೇ ಅತ್ತುಬಿಟ್ಟೆ. ಆಮೇಲೆ ಫೋಟೋ ತೆಗೆದೆ. ಚೆನ್ನಾಗಿ ಬಂದಿದೆ.

ನಿಮಗೆ ಗೊತ್ತಿಲ್ಲದ್ದು ಮುಂದೆ ನಡೆಯಿತು. ಕಾಕಿ ಸೆರಗಿಗೆ ಕೈ ಒರೆಸಿಕೊಂಡು, “ಕೊಡಿಲ್ಲೆ, ನಾನೂ ಒಂದ ತಗೀತೇನಿ,” ಎಂದಳು. ಅವಳ ಫೋಟೋದಲ್ಲಿ ಅರ್ಧ ಗುಮ್ಮಟವೇ ಇಲ್ಲ, ಮೂಲೆಯಲ್ಲಿ ನಾನು ಕಣ್ಣೀರಿನ ಮುಖದಲ್ಲೇ ನಗುತ್ತಿದ್ದೇನೆ. ಅಂದಿನಿಂದ ದಿನಾ ಊಟ ಮುಗಿಸಿ ಸ್ಟುಡಿಯೋಕ್ಕೆ ಬರುತ್ತಾಳೆ. ಮೊನ್ನೆ ಕುಲಗೋಡದಿಂದ ಬಂದ ತಾಯಿಯೊಬ್ಬಳ ಕೂಸು ನನ್ನನ್ನು ಕಂಡರೆ ಚೀರುತ್ತಿತ್ತು. ಕಾಕಿ ಅದರೊಡನೆ ಮಾತಾಡುತ್ತಲೇ ಫೋಟೋ ತೆಗೆದುಬಿಟ್ಟಳು. ನಿನ್ನೆ ಆ ಮನೆಯಿಂದ ಫೋನು ಬಂತು. ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಫೋಟೋ ತೆಗೆಯಬೇಕಂತೆ. ನಾನು ಬರುತ್ತೇನೆ ಎಂದೆ.

“ನೀವು ಬ್ಯಾಡ್ರಿ, ಆ ಕಾಕಿನ್ನ ಕಳಸ್ರಿ,” ಎಂದರು.

ನಿಮ್ಮ
ಶೋಭಾ