ಕೆರೆಯ ಮೀನು ಹೂತ ದಿನ

ಅಂತರಸಂತೆ
೧೨-೬-೧೯೯೮

ಅಪ್ಪಾಜಿಗೆ ಶಾಂಭವಿಯ ನಮಸ್ಕಾರ.

ನಾನು ಸಂಶೋಧನೆಗೆ ಆರಿಸಿಕೊಂಡ ಕೆರೆಗೆ ಮೊನ್ನೆಯ ಮಳೆಯಲ್ಲಿ ಹೊಲಗಳ ಕ್ರಿಮಿನಾಶಕ ಹರಿದುಬಂದಿದೆ. ಬೆಳಗಾಗುವಷ್ಟರಲ್ಲಿ ಮೀನೆಲ್ಲ ಸತ್ತು ತೇಲುತ್ತಿದ್ದವು. ಮೀನು ಮಾರುವ ಚಿಕ್ಕಬೀರಮ್ಮ ಆಗಲೇ ಬುಟ್ಟಿ ತುಂಬಿಕೊಂಡಿದ್ದರು. ತಿನ್ನಬಾರದು, ಹೂಳಬೇಕು ಎಂದೆ.

"ಮೀನು ತಿನ್ನದ ಮನೆಯೋಳು ನೀನು, ನಿಂಗೇನವ್ವ ಗೊತ್ತು?" ಎಂದು ರೇಗಿದರು.

"ನಿಮ್ಮ ಮೊಮ್ಮಗಳು ತಿಂತಾಳಲ್ಲಮ್ಮ" ಎಂದೆ.

ಅವರು ದಂಡೆಯಲ್ಲಿ ಗುಂಡಿ ತೋಡಿಸಿ, ಬುಟ್ಟಿಯನ್ನು ಅದಕ್ಕೆ ಸುರಿದರು. ಮೀನು ಆರಿಸಿಕೊಂಡಿದ್ದ ಊರಿನ ಉಳಿದವರೂ ಸುರಿದರು. ನನಗೆ ಅಳು ತಡೆಯಲಾಗಲಿಲ್ಲ. ಮಧ್ಯಾಹ್ನ ಅವರೇ ಮನೆಗೆ ಕರೆದು ಮುದ್ದೆ, ಉಪ್ಸಾರು ಬಡಿಸಿದರು. "ಉಣ್ಣವ್ವ, ನಮ್ಮನೇಲೂ ಇವತ್ತು ಮೀನಿಲ್ಲ ಕಣವ್ವ" ಎಂದರು.

ಆರೋಗ್ಯವಾಗಿದ್ದೇನೆ. ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದೇನೆಂದು ಅವ್ವನಿಗೆ ಹೇಳಿ. ಭಾನುವಾರ ಹುಣಸೂರಿಗೆ ಬರಲಾರೆ. ಊರಿನ ದನಗಳು ಕುಡಿಯುವುದೂ ಇದೇ ಕೆರೆಯ ನೀರು, ದಿನವೂ ಪರೀಕ್ಷಿಸಬೇಕು.

ಶಾಂಭವಿ