ಸಿಂಪಿ ಇಲ್ಲದ ಹೂರಣ

ಟಿಲ್ಮನ್ ದ್ವೀಪ, ಮೇರಿಲ್ಯಾಂಡ್
ನವೆಂಬರ್ ೨೯, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಕ್ಲೇಟನ್ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಕೇಳಿ ಬರೆ ಎಂದು ಅಮ್ಮ ಹೇಳಿದ್ದಕ್ಕೆ ಕೇಳುತ್ತಿದ್ದೇನೆ, ನಾನಾಗಿ ಕೇಳುವ ಮನಸ್ಸು ಇವತ್ತು ನನಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಹಟ ಮಾಡುತ್ತದೆ. ನಿನ್ನ ಭಾವಮೈದುನ ಡೇಲ್‌ಗೆ ಅಂಗೈಯಲ್ಲಿ ನಾಲ್ಕು ಹೊಲಿಗೆ ಬಿದ್ದಿವೆ. ಅದಕ್ಕೂ ನೀನೇ ಕಾರಣ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಭಾನುವಾರ ನೀನು ಅಮ್ಮನಿಗೆ ಬರುತ್ತೇನೆ ಎಂದೆ. ಅವಳು ಆ ಒಂದು ಮಾತನ್ನು ಹಿಡಿದುಕೊಂಡು ಮೂರು ದಿನ ಓಡಾಡಿದಳು. ಥ್ಯಾಂಕ್ಸ್‌ಗಿವಿಂಗ್ ಊಟದ ಟರ್ಕಿ ಕೋಳಿಗೆ ತುಂಬಲು ಸಿಂಪಿಯ ಹೂರಣವೇ ಆಗಬೇಕು, ಕ್ಲೇಟನ್ ಬಂದು ಚಿಪ್ಪು ಬಿಡಿಸಿಕೊಡುತ್ತಾನೆ ಎಂದು ನನ್ನಿಂದ ಅರ್ಧ ಬುಟ್ಟಿ ಸಿಂಪಿ ತರಿಸಿದಳು. ಅಪ್ಪನ ರಬ್ಬರ್ ಏಪ್ರನ್ ತೊಳೆದು ಹಿತ್ತಲ ಬಾಗಿಲಿನ ಮೊಳೆಗೆ ನೇತುಹಾಕಿದಳು. ನೀನು ಕೂರುವ ಬಕೆಟ್ಟನ್ನು ಮೆಟ್ಟಿಲ ಮೇಲೆ ಬೋರಲು ಹಾಕಿಟ್ಟಳು. ಬುಧವಾರ ಸಂಜೆ ನನ್ನ ಫೋನಿಗೆ ನಿನ್ನ ಸಂದೇಶ ಬಂತು: "ಬರಕ್ಕಾಗಲ್ಲ. ಡಬ್ಬಿದು ಏನಾದ್ರೂ ತುಂಬ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ." ಬಾಲ್ಟಿಮೋರ್‌ನಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ಅಮ್ಮನಿಗೆ ಹೇಳುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದೆ.

ನಿನ್ನ ಸಿಟ್ಟು ಯಾವುದರ ಮೇಲೆಂದು ನನಗೆ ಗೊತ್ತು. ಆಗಸ್ಟ್‌ನಲ್ಲಿ ಅಪ್ಪನ ದೋಣಿಯನ್ನು ನಾನು ಮಾರಿದೆ, ನಿನ್ನನ್ನು ಕೇಳಲಿಲ್ಲ. ಕೇಳಬೇಕಿತ್ತು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅಮ್ಮನ ಮಂಚದ ಮೇಲೆ ಸೋರುವ ಮಾಡು ಹಾಗೇ ಇರುತ್ತಿತ್ತು ಎಂದುಕೊಂಡು ಕೇಳದೆ ಬಿಟ್ಟೆ. ಅದು ಹೇಡಿತನವೂ ಹೌದೆಂದು ಈಗ ಅನಿಸುತ್ತದೆ. ಆದರೆ ತಪ್ಪು ಮಾಡಿದವಳು ನಾನು, ಶಿಕ್ಷೆ ಅವಳಿಗೇಕೆ? ನನ್ನನ್ನು ಬೈಯಲು ಬಂದಿದ್ದರೂ ಸಾಕಿತ್ತು. ಊಟದ ಮೇಜಿನಲ್ಲೇ ಕೂತು ಬೈಯಬಹುದಿತ್ತು.

ಗುರುವಾರ ಬೆಳಿಗ್ಗೆ ಡೇಲ್ ತಾನೇ ಬಿಡಿಸುತ್ತೇನೆಂದು ಸ್ಕ್ರೂಡ್ರೈವರ್ ಹಿಡಿದು ಹೊರಟ. ಸಿಂಪಿಯ ಚಾಕು ನಿನ್ನ ಬಳಿ ಇದೆಯಲ್ಲ, ಅಪ್ಪನ ಮಣ್ಣಿನ ದಿನ ಜೇಬಿಗೆ ಹಾಕಿಕೊಂಡು ಹೋದದ್ದು. ವರ್ನಾ ಅತ್ತೆ ಕಾಫಿ ಹೀರುತ್ತಾ ಬಾಗಿಲಲ್ಲಿ ನಿಂತಿದ್ದಳು. "ಅಳಿಯಂದ್ರೇ, ಅದು ಸಿಂಪಿ, ನಿಮ್ಮ ಲಾರಿ ಟೈರಲ್ಲ," ಎಂದಳು. ಎರಡನೆಯ ಸಿಂಪಿಗೇ ಸ್ಕ್ರೂಡ್ರೈವರ್ ಜಾರಿತು. ಅವನಿಗೆ ಹೊಲಿಗೆ ಹಾಕಿಸಿ ಕರೆತರುವಾಗ ಗಂಟೆ ಹನ್ನೆರಡಾಗಿತ್ತು. ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಹಿಂದಿನ ರಾತ್ರಿಯೇ ಹೇಳಿದ್ದೆ ನಾನು. ಆದರೂ ಮೇಜಿನ ಮೇಲೆ ಐದನೆಯ ತಟ್ಟೆ ಇತ್ತು.

ಆ ತಟ್ಟೆ ನೋಡಿ ನನಗೆ ಬಂದ ಸಿಟ್ಟಿಗೆ ಅಡುಗೆಮನೆಯ ಕಪಾಟಿನ ಬಾಗಿಲು ಕಿತ್ತು ಬರುವುದರಲ್ಲಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ತೆಗೆದೆ. ಉಪ್ಪುಬಿಸ್ಕತ್ತಿನ ಎರಡು ಪೊಟ್ಟಣಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿದೆ. ಅಷ್ಟು ಜೋರಾಗಿ ಜಜ್ಜುವ ಅಗತ್ಯವಿರಲಿಲ್ಲ. ಈರುಳ್ಳಿ, ಸೆಲರಿ ದಂಟು, ಎರಡು ಹುಳಿ ಸೇಬು ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ, ಒಂದು ಡಬ್ಬಿ ಮುಸುಕಿನ ಜೋಳ ಸುರಿದು, ಏಡಿಗೆ ಹಾಕುವ ಮಸಾಲೆ ಒಂದು ಚಮಚ ಉದುರಿಸಿ, ಎರಡು ಮೊಟ್ಟೆ ಒಡೆದು ಕಲಸಿದೆ. ಟರ್ಕಿಯ ಹೊಟ್ಟೆಗೂ ತುಂಬಲಿಲ್ಲ, ತಟ್ಟೆಗೆ ಬಡಿದು ಓವನ್‌ಗೆ ತಳ್ಳಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅಜ್ಜಿಯ ಕಾಲದಿಂದ ಈ ಮನೆಯಲ್ಲಿ ಎರಡು ದಿನ ಹಿಡಿಯುತ್ತಿದ್ದ ಕೆಲಸ. "ಹೂರಣ ಅಂತಾರಾ ಇದಕ್ಕೆ? ಕೋಳಿಗೂಡಿಗೆ ಹಾಕೋ ನುಚ್ಚಿದ್ದಂಗಿದೆ," ಎಂದಳು ವರ್ನಾ ಅತ್ತೆ.

ಅಮ್ಮ ಒಂದು ತುತ್ತು ತಿಂದಳು. ಆಮೇಲೆ ಇನ್ನೊಂದು. ತಾನಾಗಿಯೇ ಎರಡನೆಯ ಸಲ ಬಡಿಸಿಕೊಂಡು, ಚಮಚ ಕೆಳಗಿಟ್ಟು ಹೇಳಿದಳು: "ಕೊರಿನ್, ಒಂದ್ ಮಾತು ಹೇಳ್ತೀನಿ, ಬೈಬೇಡ. ನಂಗೆ ಆ ಸಿಂಪಿ ಯಾವತ್ತೂ ಸೇರ್ತಿರ್ಲಿಲ್ಲ ಕಣೇ." ಪ್ರತಿ ವರ್ಷ ಬಿಡಿಸಿದ ಮೊದಲ ಸಿಂಪಿಯನ್ನು ಹಸಿಯಾಗಿಯೇ ಅವಳ ಬಾಯಿಗಿಡುವುದು ಅಪ್ಪನ ಪದ್ಧತಿ, ಆಮೇಲೆ ನಿನ್ನದು. ಅವಳು ಕಣ್ಣು ಮುಚ್ಚಿ ನುಂಗುತ್ತಿದ್ದಳು, ನಾವು ಅದನ್ನು ಸುಖವೆಂದುಕೊಂಡಿದ್ದೆವು. ವರ್ನಾ ಅತ್ತೆ ಕೈಲಿದ್ದ ಫೋರ್ಕ್ ಕೆಳಗಿಟ್ಟಳು. "ಐವತ್ತು ವರ್ಷ ತುಟಿಪಿಟಕ್ ಅನ್ದೆ ನುಂಗಿದ್ಯಾ? ನಮ್ಮಣ್ಣನಿಗೆ ಗೊತ್ತಾಗಿದ್ರೆ ಇನ್ನೊಂದ್ಸಲ ಸಾಯ್ತಿದ್ದ." ಎಲ್ಲರೂ ನಕ್ಕೆವು, ಅಮ್ಮನೂ ನಕ್ಕಳು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತಲ್ಲ, ಆಮೇಲಾದರೂ ಯಾಕೆ ತಿಂದೆ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವಳು ಐದನೆಯ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಳು. "ಬಿಡಿಸೋಕೆ ಸಿಂಪಿ ಇಲ್ದಿದ್ರೆ ಅವನು ಇಲ್ಲಿಗ್ಯಾಕ್ ಬರ್ತಾನೆ? ಸುಮ್ನೆ ಬಾ ಅಂದ್ರೆ ಬರೋ ಮಗ ಅಲ್ಲ ಅವನು. ಕೆಲ್ಸ ಇದೆ ಬಾ ಅನ್ಬೇಕು."

ಇದನ್ನು ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಮಾತಿಗೆ ತಪ್ಪಿ ಬರೆಯುತ್ತಿದ್ದೇನೆ, ಸರಿಯೋ ತಪ್ಪೋ ಗೊತ್ತಿಲ್ಲ. ನಿನ್ನನ್ನು ಕರೆಸಿಕೊಳ್ಳಲು ನಮ್ಮಮ್ಮ ಒಂಬತ್ತು ವರ್ಷ ತನಗೆ ಸೇರದ್ದನ್ನು ಕಣ್ಣು ಮುಚ್ಚಿ ನುಂಗಿದ್ದಾಳೆ. ನೀನು ಒಂದು ದೋಣಿಯನ್ನು ನುಂಗಿಕೊಳ್ಳಲಾರದೆ ಹೋದೆ. ನನ್ನ ಮೇಲೂ ನನಗೆ ಸಿಟ್ಟಿದೆ. ವಾರಕ್ಕೆ ನಾಲ್ಕು ದಿನ ಅವಳ ಅಡುಗೆಮನೆಯಲ್ಲಿರುವ ನನಗೂ ಇದು ಕಾಣಲಿಲ್ಲ. ನನಗಾಗಿ ಅವಳು ಯಾವ ನೆಪವನ್ನೂ ಹೂಡಬೇಕಾಗಲಿಲ್ಲ, ಕರೆಯದೆಯೂ ಬರುವವಳು ನಾನು. ಅದರ ಹೊಟ್ಟೆಕಿಚ್ಚು ಈ ಕಾಗದದಲ್ಲಿ ಎಷ್ಟು ಪಾಲು ಬೆರೆತಿದೆಯೋ, ನೀನೇ ಸೋಸಿಕೊಂಡು ಓದು. ಇನ್ನೊಂದು ಮಾತು: ಯಾರಿಗೂ ಗೊತ್ತಾಗಲ್ಲ ಎಂದಿದ್ದೆಯಲ್ಲ, ಎಲ್ಲರಿಗೂ ಗೊತ್ತಾಯಿತು. ರುಚಿಯಾಗಿತ್ತು ಎಂಬುದೇ ನನ್ನ ಸಂಕಟ.

ಅಮ್ಮನ ಆಶೀರ್ವಾದ ನಿನಗೆ ಇದ್ದೇ ಇದೆ. ವರ್ನಾ ಅತ್ತೆ ಕಳಿಸಿದ ಮಾತನ್ನು ಕಾಗದದಲ್ಲಿ ಬರೆಯುವಂತಿಲ್ಲ. ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಕೊರಿನ್

ಲಕೋಟೆ ಅಂಟಿಸುವ ಮುಂಚೆ: ಉಳಿದ ಸಿಂಪಿಯನ್ನು ಪಕ್ಕದ ಮನೆಗೆ ಕೊಡಲು ಹೊರಟಿದ್ದೆ, ಅಮ್ಮ ಬಿಡಲಿಲ್ಲ. ತಂತಿಬುಟ್ಟಿಯಲ್ಲಿ ತುಂಬಿ, ದೋಣಿ ಕಟ್ಟುತ್ತಿದ್ದ ಕಂಬಕ್ಕೇ ಹಗ್ಗ ಬಿಗಿದು ನೀರಿಗೆ ಇಳಿಬಿಡಿಸಿದ್ದಾಳೆ. "ಕ್ರಿಸ್‌ಮಸ್‌ವರೆಗೂ ಬದುಕಿರ್ತಾವೆ. ನಂಗೆ ಬೇಡ. ಅವನಿಗೆ ಕೆಲ್ಸ ಬೇಕಲ್ಲ," ಎಂದಳು. ಚಾಕು ಹಿಡಿದುಕೊಂಡು ಬಾ. ಬರುವುದಿಲ್ಲವಾದರೆ ಚಾಕುವನ್ನು ಅಂಚೆಯಲ್ಲಿ ಕಳಿಸು, ಆದರೆ ಅದರ ಮೇಲೆ ನನ್ನ ಹೆಸರು ಬರೆಯಬೇಡ, ಅಮ್ಮನ ಹೆಸರು ಬರೆ. ಈ ಸಲ ಅವಳಿಗೆ ಹೇಳುವ ಕೆಲಸ ನನ್ನದಲ್ಲ.