ಪ್ರಯಾಣದ ಉದ್ದೇಶ: ವಿಹಾರ

ಬಂದರು ಇಲಾಖೆಯ ಮುಖ್ಯಾಧಿಕಾರಿಗಳೇ,

ಕಳೆದ ಜೂನ್ ತಿಂಗಳಲ್ಲಿ ನಾನು ನನ್ನ ತಮ್ಮನ ಬೋಟಿನಲ್ಲಿ ಕಡಲ ವಿಹಾರ ಮಾಡಿ ಬಂದೆನೆಂದು ನಿಮ್ಮ ಕಚೇರಿಯ ದಾಖಲೆ ಹೇಳುತ್ತದೆ. ಅದು ಸುಳ್ಳು. ನಾನು ಹೋದದ್ದು ಮುಳುಗಿದ ಗಂಡನನ್ನು ಹುಡುಕುವುದಕ್ಕೆ. ಆ ಸುಳ್ಳಿಗೆ ಸಹಿ ಹಾಕಿದವಳು ನಾನೇ. ಆದರೆ ಸತ್ಯ ಬರೆಯಲು ನಿಮ್ಮ ಅರ್ಜಿಯಲ್ಲಿ ಜಾಗವಿರಲಿಲ್ಲ ಎಂಬುದನ್ನು ಊರೆಲ್ಲ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮಗೇ ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲ. ಇದಕ್ಕೂ ಬರುವುದಿಲ್ಲವೆಂದು ಗೊತ್ತಿದೆ.

ನಾನು ಚಿಲೊಯೆ ದೊಡ್ಡ ದ್ವೀಪದ ಪೂರ್ವಕ್ಕಿರುವ ಒಂದು ಸಣ್ಣ ದ್ವೀಪದವಳು. ಆರನೆಯ ತರಗತಿ ಓದಿದ್ದೇನೆ. ಪಾದ್ರಿಗಳು ವರ್ಷಕ್ಕೆರಡು ಸಲ ಬರುವ ನಮ್ಮ ಮರದ ಗುಡಿಯಲ್ಲಿ ಉಳಿದ ದಿನ ಜಪಮಾಲೆ ನಡೆಸುವವಳು ನಾನು. ನನ್ನ ಗಂಡ ಅನ್ಸೆಲ್ಮೊ ಮೇ ಕೊನೆಯಲ್ಲಿ ಬಲೆ ಎತ್ತಲು ಹೋದ. ದೋಣಿ ಮಗುಚಿದ್ದು ಸಿಕ್ಕಿತು, ಅವನು ಸಿಗಲಿಲ್ಲ. ನಿಮ್ಮವರು ಹತ್ತು ದಿನ ಹುಡುಕಿದರು. ಅದಕ್ಕೆ ದೇವರು ಅವರನ್ನು ಚೆನ್ನಾಗಿಟ್ಟಿರಲಿ, ಈ ಮಾತಿನಲ್ಲಿ ವ್ಯಂಗ್ಯವಿಲ್ಲ. ಹನ್ನೊಂದನೆಯ ದಿನ ಕಡತ ಮುಚ್ಚಿರುವುದಾಗಿ ಕಾಗದ ಬಂತು. ಹತ್ತು ದಿನದೊಳಗೆ ಅವನನ್ನು ಹಿಂದಿರುಗಿಸಬೇಕೆಂದು ಕಡಲಿಗೂ ಒಂದು ಪ್ರತಿ ಕಳಿಸಿದ್ದಿರೋ ಇಲ್ಲವೋ ತಿಳಿಯದು.

ನಮ್ಮಲ್ಲಿ ಹೆಣ ಸಿಗದಿದ್ದರೆ ಬಟ್ಟೆಯನ್ನಾದರೂ ಮಣ್ಣು ಮಾಡುತ್ತೇವೆ. ಆದರೆ ಅದು ಅವನ ಮೈಮೇಲೆ ಕಡಲಿಗೆ ಹೋದ ಬಟ್ಟೆಯೇ ಆಗಬೇಕು. ಪೆಟ್ಟಿಗೆಯಿಂದ ತೆಗೆದ ಒಗೆದ ಅಂಗಿ ನಡೆಯುವುದಿಲ್ಲ. ಒಂದು ಬೂಟು ಸಾಕು. ಅಷ್ಟೂ ಇಲ್ಲದ ಗೋರಿಯ ಮುಂದೆ ಜಪ ಹೇಳಬಾರದೆಂದು ನನ್ನ ಅಜ್ಜಿ ನನಗೆ ಕಲಿಸಿದ್ದಾಳೆ. ಹಾಗಾಗಿ ಮೀನುಗಾರರ ಬಂದರು ಬಂದರಿಗೂ ಹೋಗಿ ಕೇಳಬೇಕಿತ್ತು. ಬಲೆಗೆ ಏನು ಬಿತ್ತೆಂದು ಬಲೆಯವರಿಗಲ್ಲದೆ ಇನ್ನಾರಿಗೆ ಗೊತ್ತು?

ನಿಮ್ಮ ಕಿಟಕಿಯಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ.

"ಅಕ್ಕಾ, 'ಹುಡುಕಾಟ' ಅಂತ ಇದ್ರಲ್ಲಿ ಇಲ್ಲ. ಮೀನುಗಾರಿಕೆ, ಸರಕು, ಪ್ರಯಾಣಿಕರು, ವಿಹಾರ. ನಾಲ್ಕೇ."

"ಮೀನುಗಾರಿಕೆ ಅಂತ ಹಾಕಿ" ಎಂದ ನನ್ನ ತಮ್ಮ ರಾಮೀರೊ.

"ನಿನ್ ಪರವಾನಗಿ ನಿಮ್ ಕೊಲ್ಲಿ ದಾಟಲ್ವಲ್ಲೋ ಮಾರಾಯ. ದಾಟಿದ್ರೆ ಬೋಟ್ ಹಿಡೀತಾರೆ. ವಿಹಾರ ಅಂತ ಬರ್ದು ಹೋಗ್ಬನ್ನಿ ಅಕ್ಕಾ, ಯಾರ್ ನೋಡ್ತಾರೆ?"

"ಹೋಗಿ ಬರೋದು ಹೆಣ ಹುಡುಕ್ಕೊಂಡು ಕಣಪ್ಪಾ" ಎಂದೆ.

ಅವರು ತಲೆ ತಗ್ಗಿಸಿದರು. ನಾನು ಸಹಿ ಹಾಕಿದೆ.

ಮಾನ್ಯರೇ, ಬೋಟಿನಲ್ಲಿ ಕೂತು ಮೀನುಗಾರರ ಬಂದರಿಗೆ ನೀವು ಎಂದಾದರೂ ಹೋಗಿದ್ದೀರಾ? ಉದ್ಘಾಟನೆಗೆ ಹೋದದ್ದು ಲೆಕ್ಕವಿಲ್ಲ. ಅಲ್ಲಿ ಬಂದವರ ಹೆಸರನ್ನು ಯಾರೂ ಮೊದಲು ಕೇಳುವುದಿಲ್ಲ, "ಹಗ್ಗ ಎಸಿ" ಅನ್ನುತ್ತಾರೆ. ಬೋಟಿಗೆ ಬೋಟು ಬಿಗಿದು ನಿಲ್ಲುತ್ತವೆ. ದಡದ ದಕ್ಕೆ ಮುಟ್ಟಬೇಕಾದರೆ ಐದಾರು ಬೋಟುಗಳ ಅಟ್ಟದ ಮೇಲೆ ಹಾಯಬೇಕು. ಪ್ರತಿಯೊಂದರಲ್ಲೂ ಕೆಟಲು ಕುದಿಯುತ್ತಿರುತ್ತದೆ, ಪ್ರತಿಯೊಂದರಲ್ಲೂ ಒಂದು ಗುಟುಕು 'ಮಾತೆ' ಎಲೆಯ ಕಷಾಯ ಹೀರಿ ನಾಲ್ಕು ಮಾತಾಡದೆ ಮುಂದಕ್ಕೆ ಬಿಡುವುದಿಲ್ಲ. ಮೊದಲ ಬಂದರು ಪುಯಾಲ್ವೆಯಲ್ಲಿ ಹಾಗೆಯೇ ಆಯಿತು. "ನಿಧಾನ ಅಕ್ಕಾ, ಆ ಹಲಗೆ ನಮ್ ಯಜಮಾನನ್ ಥರ, ಯಾವಾಗ್ ಜಾರುತ್ತೋ ಗೊತ್ತಾಗಲ್ಲ" ಎಂದು ಒಬ್ಬ ಕೈಕೊಟ್ಟ. ನಾನು ಬಂದ ಕಾರಣ ಹೇಳಿದೊಡನೆ ನಗು ನಿಂತು, ಟೊಪ್ಪಿಗಳು ಕೆಳಗಿಳಿದವು. ಯಾರಿಗೂ ಏನೂ ಸಿಕ್ಕಿರಲಿಲ್ಲ. ಎರಡನೆಯ ಬಂದರು ಅಗ್ವಾಪಿಚಿಯಲ್ಲೂ ಇಲ್ಲ. ಹೊರಡುವಾಗ ಒಂದು ಚೀಲ ಆಲೂಗಡ್ಡೆ ರೊಟ್ಟಿ ಬೋಟಿನೊಳಗೆ ಬಂದಿತ್ತು, ಕೊಟ್ಟವರು ಯಾರೆಂದು ಕಾಣಲಿಲ್ಲ. ಈ ಎರಡು ಬಂದರುಗಳಲ್ಲಿ ನಮ್ಮ ಕಾಗದವನ್ನು ಕೇಳಿದವರಿಲ್ಲ.

ಮೂರನೆಯದು ಕೊನಾಲ್. ಒಂದು ಶನಿವಾರ ಮಧ್ಯಾಹ್ನ ತಲುಪಿದೆವು. ಅಲ್ಲಿ ನಿಮ್ಮ ಕಾವಲುಗಾರನಿದ್ದ. ಅವನು ಓದುಬಲ್ಲವನು. ದಕ್ಕೆ ನೂರು ಮಾರು ದೂರವಿರುವಾಗಲೇ ತನ್ನ ದೋಣಿಯಲ್ಲಿ ಬಂದು ಕಾಗದ ಓದಿ, ವಿಹಾರದ ಬೋಟುಗಳಿಗೆ ಮೀನುಗಾರಿಕೆ ಬಂದರಿನಲ್ಲಿ ಪ್ರವೇಶವಿಲ್ಲ, ಎರಡು ಗಂಟೆ ದೂರದ ಪ್ರವಾಸಿ ಕಟ್ಟೆಗೆ ಹೋಗಿ ಎಂದ. ರಾಮೀರೊ ಬೇಡಿದ, ನಾನೂ ಬೇಡಿದೆ. "ನಂಗೂ ತಾಯಿ ಇದಾಳಮ್ಮ, ಆದ್ರೆ ಇಲ್ಲಿ ಬರ್ದಿರೋದು ಬೇರೆ" ಎಂದು ಧ್ವನಿವರ್ಧಕ ಎತ್ತಿ, "ವಿಹಾರದ ಬೋಟು, ಹಿಂದಕ್ಕೆ!" ಎಂದು ಇಡೀ ಬಂದರಿಗೆ ಕೇಳುವಂತೆ ಕೂಗಿದ. ಬೋಟುಗಳ ಮೇಲಿದ್ದವರು ತಿರುಗಿ ನೋಡಿದರು. ಒಬ್ಬ ಗಟ್ಟಿಯಾಗಿ, "ಏನಮ್ಮೋ, ಕರಿ ಬಟ್ಟೆ ಹಾಕ್ಕೊಂಡು ಶೋಕಿನಾ? ಫೋಟೊ ತೆಕ್ಕೊಂಡ್ ಹೋಗಿ, ಮೀನು ಕಚ್ಚೀತು!" ಎಂದ. ಎಲ್ಲರೂ ನಕ್ಕರು.

ಆ ಸಂಜೆಯೇ ವಾಯವ್ಯದ ಗಾಳಿ ಎದ್ದಿತು. ನೀವು ಸಣ್ಣ ಬೋಟುಗಳಿಗೆ ಕಡಲು ಮುಚ್ಚಿದಿರಿ, ಅದು ಸರಿಯೇ. ನಾಲ್ಕು ದಿನ ನಾವು ಪ್ರವಾಸಿ ಕಟ್ಟೆಯಲ್ಲಿ, ಟಾರ್ಪಾಲು ಹೊದ್ದ ಬಿಳಿ ಬೋಟುಗಳ ನಡುವೆ ಕೂತೆವು. ಕೇಳಲು ಒಂದು ನರಪಿಳ್ಳೆ ಇರಲಿಲ್ಲ. ಗುರುವಾರ ಬೆಳಿಗ್ಗೆ ಕೊನಾಲ್‌ಗೆ ಮರಳಿ, ಹೊರಗೇ ಲಂಗರು ಹಾಕಿ, ಕೈದೋಣಿಯಲ್ಲಿ ಕಳ್ಳರಂತೆ ಒಳಗೆ ಹೋದೆವು.

ದಕ್ಕೆಯ ಮೇಲೆ ಬಲೆ ಹೆಣೆಯುತ್ತಿದ್ದ ಕಾರ್ಮೆಲೊ ಎಂಬ ಮುದುಕನಿಗೆ ನಾನು ಹೇಳಿದ್ದು ಇಷ್ಟೇ: ಬೂದು ಉಣ್ಣೆಯ ಸ್ವೆಟರು, ಬಲ ಮೊಣಕೈಗೆ ಕೆಂಪು ತೇಪೆ. ಬೂದು ನೂಲು ಮುಗಿದಿತ್ತು, ಅದಕ್ಕೇ ಕೆಂಪು.

ಅವನ ಕೈ ನಿಂತಿತು. "ಯಾವತ್ ಬಂದ್ರಿ ತಾಯೀ?"

"ಶನಿವಾರವೇ ಬಂದಿದ್ವಿ. ಒಳಕ್ಕೆ ಬಿಡಲಿಲ್ಲ."

"ಆ ಬೋಟು... ನಿಮ್ದಾ?"

ಸ್ವೆಟರು ಅವನ ಬಲೆಗೇ ಬಂದಿತ್ತು. ಕೊನಾಲ್‌ನವರ ಪದ್ಧತಿ ಒಂದಿದೆ: ಮುಳುಗಿದವರ ಬಟ್ಟೆ ಸಿಕ್ಕರೆ ಉಪ್ಪಿನ ಕೊಟ್ಟಿಗೆಯ ಬಾಗಿಲಿಗೆ ಒಂಬತ್ತು ದಿನ ತೂಗುಹಾಕುತ್ತಾರೆ. ಮನೆಯವರು ಬಂದರೆ ಕೊಡುತ್ತಾರೆ. ಬಾರದಿದ್ದರೆ, ಸತ್ತವನನ್ನು ದಡದಲ್ಲಿ ಕಾಯಿಸಬಾರದೆಂದು ಕಲ್ಲು ಕಟ್ಟಿ ಆಳದ ನೀರಿಗೆ ಬಿಡುತ್ತಾರೆ. ನಾವು ಬಂದ ಶನಿವಾರ ಐದನೆಯ ದಿನ. ಒಂಬತ್ತನೆಯದು ಬುಧವಾರ, ಅಂದರೆ ಹಿಂದಿನ ದಿನ. ಗಾಳಿ ಇಳಿಯುವುದನ್ನೇ ಕಾದು ಸಂಜೆ ಹೋಗಿ ಬಿಟ್ಟು ಬಂದಿದ್ದರು.

"ಬಂದರು ಕಚೇರಿಗೆ ವೈರ್‌ಲೆಸ್ಸಲ್ಲಿ ಹೇಳಿದ್ದೆ ತಾಯೀ. 'ಹೆಣವಾ?' ಅಂದ್ರು. 'ಅಲ್ಲ, ಸ್ವೆಟರು' ಅಂದೆ. 'ಬಟ್ಟೆಗೆಲ್ಲ ಕಡತ ತೆಗೆಯಲ್ಲ' ಅಂದ್ರು." ಆಮೇಲೆ ಅವನು ನನ್ನ ಮುಖ ನೋಡದೆ ಹೇಳಿದ: "ಅವತ್ತು ಫೋಟೊ ತೆಕ್ಕೊಂಡ್ ಹೋಗಿ ಅಂದೋನು ನಾನೇ. ಆ ಕೊಟ್ಟಿಗೆ ಬಾಗಿಲಿಗೆ ಒರಗಿಕೊಂಡೇ ನಿಂತಿದ್ದೆ."

ನಾನು ಅವನಿಗೆ ಕ್ಷಮೆ ಕೊಟ್ಟೆ. ಅದು ಕಷ್ಟವಾಗಲಿಲ್ಲ, ಅವನು ಅಳುತ್ತಿದ್ದ. ನಿಮಗೂ ಕೊಡಲೆಂದು ದಿನವೂ ಮೊಣಕಾಲೂರಿ ಪ್ರಾರ್ಥಿಸುತ್ತೇನೆ. ಆದರೆ ಕ್ಷಮೆ ಕೊಡಬೇಕಾದರೆ ಎದುರಿಗೊಂದು ಮುಖ ಬೇಕು. ಗುಮಾಸ್ತರು ದಯೆಯಿಂದಲೇ ಬರೆಸಿದರು, ಕಾವಲುಗಾರ ಬರೆದದ್ದನ್ನೇ ಓದಿದ, ನಾನು ಅವಸರಕ್ಕೆ ಸುಳ್ಳು ಹೇಳಿದೆ. ಯಾರನ್ನು ದೂರಲಿ? ಪ್ರವಾಸಿಗರು ಜಾರಿ ಬಿದ್ದಾರೆಂದು ಮೀನುಗಾರಿಕೆ ಬಂದರಿಗೆ ಬೇಲಿ ಹಾಕುವಾಗ, ಆ ಕಡಲಿನಲ್ಲಿ ಜನ ಸಾಯುತ್ತಾರೆ, ಸತ್ತವರಿಗೆ ಮನೆಯವರಿರುತ್ತಾರೆ ಎಂಬುದು ಇಡೀ ಇಲಾಖೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ನೀವೆಲ್ಲ ಯಾವ ಊರಿನ ನೀರು ಕುಡಿದು ಬೆಳೆದವರು?

ನನ್ನ ಗಂಡನ ಗೋರಿ ಖಾಲಿಯಿದೆ, ಖಾಲಿಯೇ ಇರುತ್ತದೆ. ಅದನ್ನು ನೀವು ತುಂಬಲಾರಿರಿ, ನಾನು ಕೇಳುತ್ತಲೂ ಇಲ್ಲ. ಕೇಳುವುದು ಒಂದು ಸಾಲು. ನಿಮ್ಮ ಅರ್ಜಿಯಲ್ಲಿ ಐದನೆಯದಾಗಿ 'ಹುಡುಕಾಟ' ಎಂದು ಅಚ್ಚು ಮಾಡಿಸಿ. ಆ ಕಾಗದ ಹಿಡಿದ ಬೋಟಿಗೆ ಎಲ್ಲ ಬಂದರುಗಳಲ್ಲೂ ಹಗ್ಗ ಎಸೆಯಲು ಬಿಡಿ.

ಮಾಡುವುದಿಲ್ಲವೆಂದು ಬಲ್ಲೆ. ಆದರೂ ಈ ವಾರವೇ ಬರೆಯಬೇಕಾಯಿತು. ನಮ್ಮ ಎದುರಿನ ದ್ವೀಪದ ರೊಸೆಂಡಾಳ ಅಣ್ಣ ಮೀನಿಗೆ ಹೋಗಿ ಬಂದಿಲ್ಲ; ಬರುವ ಮಂಗಳವಾರಕ್ಕೆ ನಿಮ್ಮ ಹತ್ತು ದಿನ ಮುಗಿಯುತ್ತದೆ. ಬುಧವಾರ ಅವಳು ನಿಮ್ಮ ಕಿಟಕಿಯ ಮುಂದೆ ನಿಂತಿರುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಗುಮಾಸ್ತರು ಎಲ್ಲಿ ತೋರಿಸುತ್ತಾರೋ ಅಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ.

ಇಂತಿ,
ಊರಿನವರ ಸಾವಿಗೆಲ್ಲ ಜಪ ನಡೆಸಿ, ಮನೆಯ ಸಾವಿಗೆ ಬಾಯಿ ಕಟ್ಟಿಕೊಂಡು ಕೂತಿರುವ
ಎದುವಿಹೆಸ್ ಚಿಗ್ವಾಯ್